ಚಿಪ್ಪರ್ ಬ್ಲೇಡು ಮತ್ತು ನನ್ನ ಎಡಗೈ

1961ರಲ್ಲಿ ನಾನು ಭದ್ರಾವತಿಯ ಹೊರವಲಯದ ಒಂದು ಹಾರ್ಡ್‌ಬೋರ್ಡ್ ಮಿಲ್ಲಿನಲ್ಲಿ ನೈಫ್ ಗ್ರೈಂಡರ್ ಆಗಿದ್ದೆ. ಭದ್ರಾವತಿ ಎಂದ ಕೂಡಲೇ ಎಲ್ಲರಿಗೂ ನೆನಪಾಗುವ ದೊಡ್ಡ ಕಾರ್ಖಾನೆಗಳ ಪೈಕಿ ನಮ್ಮದು ಸೇರಿರಲಿಲ್ಲ. ಮರವನ್ನು ಚೂರು ಮಾಡಿ, ಬೇಯಿಸಿ, ಒತ್ತಿ ಹಲಗೆ ತಯಾರಿಸುವ ಸಣ್ಣ ಖಾಸಗಿ ಮಿಲ್ಲು ಅದು. ಈಗ ಅಲ್ಲಿ ಅದರ ಒಂದು ಗೋಡೆಯೂ ಉಳಿದಿಲ್ಲ. ಹೆಸರು ಹೇಳಿದರೂ ಇಂದಿನವರಿಗೆ ಗೊತ್ತಾಗುವುದಿಲ್ಲವಾದ್ದರಿಂದ ಬಿಟ್ಟಿದ್ದೇನೆ.

ನೈಫ್ ಗ್ರೈಂಡರ್ ಎಂದರೆ ಸಾಣೆ ಹಿಡಿಯುವವನು. ನಮ್ಮ ಮನೆತನದ ಕಸುಬೇ ಅದು. ಶಿವಮೊಗ್ಗದ ಕೋಟೆ ರಸ್ತೆಯ ಹತ್ತಿರದ ಸಂದಿಯೊಂದರಲ್ಲಿ ಅಬ್ಬಾ, ಅಂದರೆ ನನ್ನ ತಂದೆ, ಸಾಣೆ ಅಂಗಡಿ ಇಟ್ಟುಕೊಂಡಿದ್ದರು. ಕ್ಷೌರದವರ ಕತ್ತಿ, ದರ್ಜಿಗಳ ಕತ್ತರಿ, ಕಸಾಯಿಗಳ ಚೂರಿ, ಎಲ್ಲವೂ ಅವರ ಕೈಗೆ ಬರುತ್ತಿದ್ದವು. ನಾನು ಅಲ್ಲಿಯೇ ಕಲಿತು, ಮದುವೆಯಾದ ಮೇಲೆ ಮಿಲ್ಲಿಗೆ ಸೇರಿ, ಮಿಲ್ಲಿನವರು ಕಟ್ಟಿಸಿದ್ದ ಲೈನ್ ಮನೆಯಲ್ಲಿ ಹೆಂಡತಿ ಜುಲೇಖಾ ಮತ್ತು ಪುಟ್ಟ ಮಗಳ ಜೊತೆ ಇದ್ದೆ. ಮನೆಯೊಳಗೆ ನಾವು ಆಡುವುದು ದಖ್ಖನಿ ಉರ್ದು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಮಿಲ್ಲಿನಲ್ಲಿ ಮರ ಮೊದಲು ಹೋಗುತ್ತಿದ್ದುದು ಚಿಪ್ಪರ್ ಎಂಬ ಯಂತ್ರಕ್ಕೆ. ಗಾಡಿಯ ಗಾಲಿಗಿಂತ ಎತ್ತರದ, ಒಂದು ಗೇಣು ದಪ್ಪದ ಉಕ್ಕಿನ ತಟ್ಟೆಯೊಂದು ನಿಂತು ತಿರುಗುತ್ತದೆ ಎಂದುಕೊಳ್ಳಿ. ಅದಕ್ಕೆ ಡಿಸ್ಕ್ ಎನ್ನುತ್ತಿದ್ದೆವು. ಅದರ ಮುಖದ ಮೇಲೆ ನಾಲ್ಕು ಬ್ಲೇಡುಗಳನ್ನು ಬೋಲ್ಟು ಹಾಕಿ ಬಿಗಿದಿರುತ್ತಾರೆ. ಇಳಿಜಾರಾದ ಬಾಯಿಯೊಂದರಿಂದ ಮರದ ದಿಮ್ಮಿಯನ್ನು ತಳ್ಳಿದರೆ ಬ್ಲೇಡುಗಳು ಅದನ್ನು ಕಡಿದು ಚಿಪ್ಸ್ ಮಾಡಿ ಹಿಂದಕ್ಕೆ ಉದುರಿಸುತ್ತವೆ. ದಿಮ್ಮಿ ಒಳಗೆ ಹೋದರೆ ಹೊರಗೆ ಬರುವುದು ಬೆಂಕಿಪೊಟ್ಟಣದಷ್ಟು ಅಗಲದ ಚೂರುಗಳು. ಬ್ಲೇಡು ಹರಿತವಾಗಿದ್ದರೆ ಚೂರು ಒಂದೇ ಸಮ ಇರುತ್ತದೆ. ಮೊಂಡಾದರೆ ಅರ್ಧ ಪುಡಿ, ಅರ್ಧ ನಾರು. ಅಂಥ ಚಿಪ್ಸ್ ಸರಿಯಾಗಿ ಬೇಯುವುದಿಲ್ಲ, ಹಲಗೆ ಬಿರುಕು ಬಿಡುತ್ತದೆ. ಮೋಟಾರು ಏದುಸಿರು ಬಿಡತೊಡಗಿದರೆ ಬ್ಲೇಡು ಬದಲಿಸುವ ಹೊತ್ತಾಯಿತು ಎಂದರ್ಥ. ಮರದ ಜೊತೆ ಬರುವ ಮಣ್ಣು, ಮರಳು, ಒಮ್ಮೊಮ್ಮೆ ಮರದೊಳಗೆ ಹೂತುಹೋದ ಹಳೆಯ ಮೊಳೆ, ಇವೆಲ್ಲ ಅಲಗನ್ನು ತಿನ್ನುತ್ತಿದ್ದವು.

ಬ್ಲೇಡು ಬದಲಿಸುವುದು ಇಬ್ಬರ ಕೆಲಸ. ನನ್ನ ಜೊತೆಗಾರ ಫಿಟ್ಟರ್ ಮುನುಸ್ವಾಮಿ. ಅವನ ಅಪ್ಪ ತಮಿಳು ನಾಡಿನಿಂದ ಭದ್ರಾವತಿಗೆ ಕೆಲಸ ಹುಡುಕಿಕೊಂಡು ಬಂದವರು. ಇವನು ಹುಟ್ಟಿದ್ದು ಇಲ್ಲೇ. ಮಾತು ಕಡಿಮೆ, ಸ್ಪ್ಯಾನರ್ ಹಿಡಿದರೆ ಬಿಡುವವನಲ್ಲ. ಮೋಟಾರು ನಿಲ್ಲಿಸಿದ ಮೇಲೂ ಡಿಸ್ಕ್ ಬಹಳ ಹೊತ್ತು ತಾನೇ ತಿರುಗುತ್ತಿರುತ್ತದೆ. ಅದು ಪೂರ್ತಿ ನಿಂತ ಮೇಲೆ ಲಾಕ್ ಪಿನ್ ತೂರಿಸಿ, ಅಲುಗಾಡದಂತೆ ಮಾಡಿ, ಆಮೇಲೆ ಬೋಲ್ಟು ಬಿಚ್ಚಬೇಕು. ಒಬ್ಬ ಬಿಚ್ಚುವಾಗ ಇನ್ನೊಬ್ಬ ಬ್ಲೇಡನ್ನು ಹಿಡಿದಿರಬೇಕು. ಬ್ಲೇಡು ಮೊಳದುದ್ದ, ಬೆರಳು ದಪ್ಪ, ಎತ್ತಿದರೆ ರಟ್ಟೆ ಇಳಿದುಹೋಗುವಷ್ಟು ಭಾರ. ಕೈ ತಪ್ಪಿದರೆ ನೇರ ಕೆಳಗಿರುವವನ ಕಾಲಿಗೆ.

ಬಿಚ್ಚಿದ ಬ್ಲೇಡನ್ನು ಗ್ರೈಂಡಿಂಗ್ ಮೆಷಿನ್ನಿನ ಮೇಜಿಗೆ ಕಟ್ಟುತ್ತಿದ್ದೆ. ಮೇಜು ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ, ಕಲ್ಲಿನ ಚಕ್ರ ಅಲಗನ್ನು ಸವೆಸುತ್ತದೆ, ಮೇಲಿನಿಂದ ಸೋಡಾ ಬೆರೆಸಿದ ನೀರು ಬೀಳುತ್ತಲೇ ಇರುತ್ತದೆ. ಅವಸರ ಮಾಡಿ ಹೆಚ್ಚು ಒತ್ತು ಕೊಟ್ಟರೆ ಅಲಗು ಕಾದು ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿಯಾದರೆ ಉಕ್ಕಿನ ಹದ ಹೋಯಿತು, ಅದು ಮರದ ಮೊದಲನೆಯ ಗಂಟಿಗೇ ಸೀಳುತ್ತದೆ. ಸಾಣೆ ಮುಗಿದ ಮೇಲೆ ಅಲಗಿನ ತುದಿಯಲ್ಲಿ ಕೂದಲಿನಂಥ ಉಕ್ಕಿನ ಎಳೆ ಉಳಿಯುತ್ತದೆ. ಬರ್ ಎನ್ನುವ ಅದನ್ನು ಎಣ್ಣೆಕಲ್ಲಿನಿಂದ ಕೈಯಲ್ಲೇ ತೆಗೆಯಬೇಕು. ಬಲಗೈಯಲ್ಲಿ ಕಲ್ಲು, ಎಡಗೈ ಬ್ಲೇಡಿನ ಮೇಲೆ. ಚರ್ಮದ ಗ್ಲೌಸ್ ಹಾಕಿಕೊಂಡರೆ ಎಳೆ ಹೋಯಿತೋ ಇಲ್ಲವೋ ತಿಳಿಯುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ಮಾತ್ರ ಎಲ್ಲ ಸಾಣೆಯವರೂ ಬರಿಗೈ. ಕೊನೆಗೆ ಎದುರುಬದುರು ಕೂರುವ ಬ್ಲೇಡುಗಳನ್ನು ತೂಕ ನೋಡಿ ಜೋಡಿ ಮಾಡುವುದು. ತೂಕ ಹೆಚ್ಚುಕಡಿಮೆಯಾದರೆ ಡಿಸ್ಕ್ ಅದುರುತ್ತದೆ.

ಆ ವರ್ಷ ಮಳೆಗಾಲ ಮುಗಿದು ಬಿಸಿಲು ಬಿದ್ದ ದಿನಗಳು. ಬೆಳಗಿನ ಪಾಳಿಯಲ್ಲಿ ನಾನು ಬರ್ ತೆಗೆಯುತ್ತಿದ್ದೆ. ಮುನುಸ್ವಾಮಿ ಮುಂದಿನ ಬ್ಲೇಡು ತಂದಿಟ್ಟವನು ನನ್ನ ಮುಂದಿನ ಮರದ ಹಲಗೆಯ ಮೇಲೆ ಏನನ್ನೋ ನೋಡಿ ನಿಂತ.

"ಯಾರ ರಕ್ತ ಇದು?"

ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡ. ನಾನೂ ಅವನ ಕೈಯನ್ನೇ ನೋಡಿದೆ. ಅವನಿಗೆ ಏನೂ ಆಗಿರಲಿಲ್ಲ.

"ಖಾದರ್ ಭಾಯ್, ನಿನ್ನ ಕೈ ಎತ್ತು."

ಎತ್ತಿದೆ. ಎಡಗೈಯ ಕಿರುಬೆರಳಿನ ಪಕ್ಕ ಉದ್ದಕ್ಕೆ ಸೀಳಿತ್ತು. ಒಳಗೆ ಬಿಳಿಯದು ಕಾಣುತ್ತಿತ್ತು. ರಕ್ತ ಮಣಿಕಟ್ಟಿನವರೆಗೆ ಇಳಿದು ಅಂಗಿಯ ತೋಳು ಒದ್ದೆಯಾಗಿತ್ತು. ಅದನ್ನು ನಾನು ಸೋಡಾ ನೀರು ಎಂದುಕೊಂಡಿದ್ದೆ.

"ನೋವಾಗ್ಲಿಲ್ವಾ?"

"ಇಲ್ಲ."

"ಈಗ್ಲೂ?"

"ಇಲ್ಲ ಮಾರಾಯ."

ಅವನು ಬಟ್ಟೆ ಹರಿದು ಕಟ್ಟಿದ. ಕಟ್ಟುವಾಗ ಗಂಟನ್ನು ಬೇಕೆಂದೇ ಜೋರಾಗಿ ಎಳೆದು ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಏನೂ ಬದಲಾಗಿರಲಿಕ್ಕಿಲ್ಲ. ಅವನ ಮುಖ ಮಾತ್ರ ಬದಲಾಯಿತು. ಮೊಣಕೈ ಮೇಲಕ್ಕೆ ಅಂಗಿ ಸರಿಸು ಎಂದ. ಅಲ್ಲಿ ತಾಮ್ರದ ಬಣ್ಣದ ಒಂದು ಮಚ್ಚೆ ಇತ್ತು. ಮಿಲ್ಲಿನ ಎಣ್ಣೆಗೆ ಬಂದ ಹುಳುಕಡ್ಡಿ ಎಂದುಕೊಂಡು ನಾನು ಬಹಳ ದಿನದಿಂದ ಮುಲಾಮು ಹಚ್ಚುತ್ತಿದ್ದೆ. ಆ ಜಾಗದಲ್ಲಿ ಬೆವರು ಬರುವುದಿಲ್ಲ ಎಂಬುದನ್ನು ಗಮನಿಸಿದ್ದೆ, ಅದಕ್ಕೇನು ಅರ್ಥ ಎಂದು ಯೋಚಿಸಿರಲಿಲ್ಲ. ಬೆರಳು ಜೋಮು ಹಿಡಿದಂತಿರುವುದು ತಣ್ಣೀರಿಗೂ ಮೆಷಿನ್ನಿನ ಅದುರಿಗೂ ಎಂದು ನನ್ನ ಲೆಕ್ಕ.

ಮುನುಸ್ವಾಮಿ ಅಂಗಿಯ ತೋಳನ್ನು ತಾನೇ ಕೆಳಗಿಳಿಸಿದ. "ನಮ್ಮ ಚಿಕ್ಕಪ್ಪಂಗೆ ಹೀಗೇ ಶುರುವಾಗಿದ್ದು," ಎಂದ. "ಇಲ್ಲಿ ಮಿಲ್ಲಿನ ಡಿಸ್ಪೆನ್ಸರಿಗೆ ಹೋಗ್ಬೇಡ. ಶಿವಮೊಗ್ಗಕ್ಕೆ ಹೋಗು. ನಾಳೇನೇ ಹೋಗು."

ಯಾವ ರೋಗ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆಯ ರೈಲಿಗೆ ಶಿವಮೊಗ್ಗಕ್ಕೆ ಹೋದೆ. ಆಸ್ಪತ್ರೆಯಲ್ಲಿ ಚರ್ಮರೋಗ ನೋಡುವ ಡಾಕ್ಟರು ನನಗಿಂತ ಸ್ವಲ್ಪ ದೊಡ್ಡವರು ಅಷ್ಟೆ. ಗಾಯಕ್ಕೆ ಹೊಲಿಗೆ ಹಾಕಿಸಿ, ಮೊಣಕೈಯ ಹಿಂಭಾಗವನ್ನು ಬೆರಳಿನಿಂದ ಒತ್ತಿ ಹುಡುಕಿ, ನನ್ನ ಬಲಗೈಯನ್ನೇ ಹಿಡಿದು ಅಲ್ಲಿಗಿಟ್ಟರು. ಚರ್ಮದ ಕೆಳಗೆ ದಪ್ಪ ಹುರಿಯಂಥದ್ದೊಂದು ಜಾರಿತು. ಅದು ನರ, ಊದಿಕೊಂಡಿದೆ, ಕಿರುಬೆರಳು ಉಂಗುರ ಬೆರಳುಗಳ ಸ್ಪರ್ಶವೂ ಬಲವೂ ಅದರಿಂದಲೇ ಹೋಗುವುದು ಎಂದು ವಿವರಿಸಿದರು. ಆಮೇಲೆ ಹತ್ತಿಯ ಎಳೆಯೊಂದನ್ನು ಹೊಸೆದು ಮೊನೆ ಮಾಡಿ ಹಿಡಿದರು.

"ಕಣ್ಣು ಮುಚ್ಚಿ. ನಾನು ಮುಟ್ಟಿದಾಗೆಲ್ಲ ಹೂಂ ಅನ್ನಿ."

ಮುಚ್ಚಿದೆ. ಮೊದಲು ಬಲಗೈ. ಸುಲಭವಾಗಿ ಹೇಳಿದೆ. ಎಡಗೈಗೆ ಬಂದಾಗ ಅವರ ಅಂಗಿಯ ತೋಳು ಸರಿದ ಸದ್ದು ಕೇಳಿಸಿತು. ಹೂಂ ಎಂದೆ. ಮತ್ತೆ ಸರಿದಂತಾಯಿತು. ಹೂಂ ಎಂದೆ.

"ನಾನಿನ್ನೂ ಮುಟ್ಟೇ ಇಲ್ಲ," ಎಂದರು ಡಾಕ್ಟರು. ಸಿಟ್ಟಿನಿಂದ ಹೇಳಲಿಲ್ಲ. "ಇಲ್ಲಿ ಪಾಸಾಗೋದೇನೂ ಬೇಕಾಗಿಲ್ಲಪ್ಪ. ಗೊತ್ತಾಗ್ದಿದ್ರೆ ಸುಮ್ನಿರಿ."

ಆಮೇಲೆ ನಾನು ಸುಮ್ಮನೆ ಕೂತೆ. ಬಹಳ ಹೊತ್ತು ಕೂತೆ. ಕಣ್ಣು ಬಿಟ್ಟಾಗ ಅವರು ಹತ್ತಿಯನ್ನು ಬುಟ್ಟಿಗೆ ಹಾಕಿ ಬರೆದುಕೊಳ್ಳುತ್ತಿದ್ದರು.

"ಕುಷ್ಠ," ಎಂದರು. "ಹೆಸರಿಗೆ ಹೆದರ್ಬೇಡಿ. ನಿಮ್ಮದು ಇನ್ನೊಬ್ರಿಗೆ ಹರಡೋ ಬಗೆ ಅಲ್ಲ. ಈಗ ಮಾತ್ರೆ ಇದೆ, ವರ್ಷಗಟ್ಟಲೆ ತಗೋಬೇಕು. ರೋಗ ನಿಲ್ಲುತ್ತೆ."

"ಬೆರಳು?"

"ಹೋಗಿರೋ ಸ್ಪರ್ಶ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ. ಕೈ ಉಳಿಸ್ಕೊಳ್ಳೋದು ನಿಮ್ಮ ಕೈಲಿದೆ. ಇಷ್ಟು ದಿನ ನೋವು ಹೇಳ್ತಿತ್ತು. ಇನ್ಮೇಲೆ ನೀವೇ ನೋಡ್ಕೋಬೇಕು. ಏನು ಕೆಲಸ ಮಾಡ್ತೀರಿ?"

ಬ್ಲೇಡಿಗೆ ಸಾಣೆ ಹಿಡಿಯುತ್ತೇನೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಹೆಂಡತಿಯನ್ನೂ ಮಗುವನ್ನೂ ಒಮ್ಮೆ ಕರೆತಂದು ತೋರಿಸಿ ಎಂದರು.

ಆಸ್ಪತ್ರೆಯಿಂದ ಹೊರಗೆ ಬಂದು ಬಜಾರಿನ ಕಡೆ ನಡೆದೆ. ಎದೆ ಒಡೆದುಹೋಗಬೇಕಿತ್ತು, ಹಾಗೇನೂ ಆಗಲಿಲ್ಲ. ಅಬ್ಬಾನ ಅಂಗಡಿಯ ಮುಂದೆ ನಿಂತೆ. ಅವರು ಕತ್ತರಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬಾ, ಕೂರು, ಚಾಯ್ ತರಿಸ್ತೀನಿ ಎಂದರು. ಕೂತು ಚಾಯ್ ಕುಡಿದೆ. ಬೆರಳಿಗೇನಾಯ್ತು ಎಂದಾಗ ಬ್ಲೇಡು ತಗುಲಿತು ಎಂದೆ. ಸಾಣೆಯವನ ಮನೆಯಲ್ಲಿ ಅದು ದೊಡ್ಡ ವಿಷಯವಲ್ಲ. ಅವರು ಮುಂದಿನ ಕತ್ತರಿ ಎತ್ತಿಕೊಂಡರು. ಮಧ್ಯಾಹ್ನದ ರೈಲಿಗೆ ವಾಪಸ್ಸು ಹೊರಟೆ. ರೈಲಿನಲ್ಲಿ ಎದುರಿಗೆ ಕೂತಿದ್ದವರೊಬ್ಬರು ಎಲೆಅಡಿಕೆ ಕೊಟ್ಟರು. ತಿಂದೆ. ಆ ದಿನದ್ದೆಲ್ಲ ಹೀಗೇ ನೆನಪಿದೆ, ಬೇರೆ ಯಾರಿಗೋ ಆದದ್ದನ್ನು ಪಕ್ಕದಲ್ಲಿ ನಿಂತು ನೋಡಿದ ಹಾಗೆ.

ಜುಲೇಖಾಳಿಗೆ ಅಂದೇ ಸಂಜೆ ಹೇಳಿದೆ. ಅವಳು ಮಗಳ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಂತಿತು.

"ಮಗೂಗೆ?"

"ಹರಡಲ್ಲ ಅಂದ್ರು. ಆದ್ರೂ ಒಂದ್ಸಲ ತೋರ್ಸಿ ಅಂದಿದಾರೆ."

"ಯಾರಿಗೆಲ್ಲ ಗೊತ್ತು?"

"ಮುನುಸ್ವಾಮಿಗೆ."

ಅವಳು ಮಗಳ ಜಡೆ ಹೆಣೆದು ಮುಗಿಸಿದಳು. ರಿಬ್ಬನ್ ಕಟ್ಟಿದಳು. ಆಮೇಲೆ ಎದ್ದು ಹೋಗಿ ಅಡಿಗೆಮನೆಯಲ್ಲಿ ನಿಂತಳು. ಅತ್ತಳೋ ಇಲ್ಲವೋ ಗೊತ್ತಿಲ್ಲ, ನಾನು ಹೋಗಿ ನೋಡಲಿಲ್ಲ. ಮುಂದಿನ ವಾರ ಇಬ್ಬರನ್ನೂ ಡಾಕ್ಟರಿಗೆ ತೋರಿಸಿದೆ. ಇಬ್ಬರಿಗೂ ಏನೂ ಇರಲಿಲ್ಲ. ಡಾಕ್ಟರು ಅವಳಿಗೆ ಹತ್ತಿಯ ಪರೀಕ್ಷೆ ಮಾಡುವುದನ್ನು ತೋರಿಸಿಕೊಟ್ಟು, ಆಗಾಗ ಮನೆಯಲ್ಲೇ ನೋಡುತ್ತಿರಿ, ಅನುಮಾನ ಬಂದರೆ ಕಾಯಬೇಡಿ ಎಂದರು. ಜೊತೆಗೆ ಊಟ ಮಾಡಬಹುದು, ಜೊತೆಗೆ ಇರಬಹುದು ಎಂದೂ ಹೇಳಿದರು. ಅವಳು ತಲೆ ಅಲ್ಲಾಡಿಸಿದಳು. ಆದರೂ ಮನೆಗೆ ಬಂದ ಮೇಲೆ ನನ್ನ ತಟ್ಟೆ ಲೋಟ ಬೇರೆ ಕಡೆ ಕೂತವು, ಹಾಸಿಗೆ ನಡುಮನೆಗೆ ಬಂತು.   ಅವಳ ಮೇಲೆ ಕೋಪ ಬಂದಿತ್ತೇ ಎಂದು ನೀವು ಕೇಳಬಹುದು. ಬರಲಿಲ್ಲ. ಆ ಕಾಲದಲ್ಲಿ ನನಗೆ ಏನೂ ಬರುತ್ತಿರಲಿಲ್ಲ.

ಮಿಲ್ಲಿನಲ್ಲಿ ಯಾರಿಗೂ ಹೇಳದೆ ಕೆಲಸ ಮುಂದುವರಿಸಿದೆ. ಮುನುಸ್ವಾಮಿ ಬಾಯಿ ಬಿಡುವವನಲ್ಲ. ಬರಿಗೈಯಲ್ಲಿ ಬರ್ ತೆಗೆಯುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಕೈ ತಿರುಗಿಸಿ ನೋಡಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಇದರಿಂದ ನನ್ನ ಕೈ ಉಳಿಯುತ್ತಿತ್ತು. ಇನ್ನೊಬ್ಬನ ಕಾಲಿನ ಯೋಚನೆ ನನಗೆ ಬಂದಿರಲಿಲ್ಲ.

ಒಂದು ದಿನ ಡಿಸ್ಕಿನಿಂದ ಬ್ಲೇಡು ಇಳಿಸುತ್ತಿದ್ದೆವು. ಮುನುಸ್ವಾಮಿ ಕೆಳಗೆ ಕುಕ್ಕರುಗಾಲಲ್ಲಿ ಕೂತು ಕೊನೆಯ ಬೋಲ್ಟು ಬಿಚ್ಚುತ್ತಿದ್ದ. ನಾನು ಎರಡೂ ಕೈಯಲ್ಲಿ ಬ್ಲೇಡು ಹಿಡಿದಿದ್ದೆ, ಭದ್ರವಾಗಿ ಹಿಡಿದಿದ್ದೇನೆ ಎಂದೇ ತಿಳಿದಿದ್ದೆ. ಬೋಲ್ಟು ಕಳಚಿದ ಕೂಡಲೇ ಎಡಗಡೆಯ ತುದಿ ಜಾರಿತು. ಆ ಎರಡು ಬೆರಳು ಹಿಡಿದೇ ಇರಲಿಲ್ಲ. ಬ್ಲೇಡು ಅವನ ಪಾದದ ಪಕ್ಕದ ನೆಲಕ್ಕೆ ಬಡಿದು ಸಿಮೆಂಟು ಕಿತ್ತುಬಂತು. ಅವನು ಹೇಗೋ ಕಾಲು ಎಳೆದುಕೊಂಡಿದ್ದ.



"ಏನಾಗಿಲ್ಲ ಬಿಡು," ಎಂದ. 

"ನಾನು ಇಂಜಿನಿಯರಿಗೆ ಹೇಳ್ತೀನಿ."

"ಹುಚ್ಚಾ ನಿಂಗೆ? ಮನೆ ಬಿಡಿಸ್ತಾರೆ. ಹೆಂಡ್ತಿ ಮಗು ಕರ್ಕೊಂಡು ಎಲ್ಲಿಗೆ ಹೋಗ್ತಿ? ಬೇಡಪ್ಪ, ನಾನು ಹುಷಾರಾಗಿರ್ತೀನಿ."

ಅವನು ಎಷ್ಟು ಹುಷಾರಾಗಿದ್ದರೂ ಬ್ಲೇಡು ನನ್ನ ಕೈಯಲ್ಲೇ ಇರಬೇಕಿತ್ತಲ್ಲ. ಊಟದ ಗಂಟೆ ಹೊಡೆದ ಮೇಲೆ ಇಂಜಿನಿಯರ್ ಶ್ರೀಕಂಠಯ್ಯನವರ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವರು ನಾನು ಹೇಳುವಷ್ಟು ಹೊತ್ತು ಪೆನ್ಸಿಲ್ಲನ್ನು ಮೇಜಿನ ಮೇಲೆ ಉರುಳಿಸುತ್ತಿದ್ದರು.

"ಹೇಳ್ದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲವಲ್ಲ ಖಾದರ್," ಎಂದರು.

"ಮುನುಸ್ವಾಮಿ ಕಾಲು ಹೋಗ್ತಿತ್ತು ಸಾರ್."

ಅವರು ನನ್ನನ್ನು ಮನೆಗೆ ಕಳಿಸಿದರು. ಆ ವಾರದಲ್ಲೇ ತಾವಾಗಿ ಶಿವಮೊಗ್ಗಕ್ಕೆ ಹೋಗಿ ಡಾಕ್ಟರನ್ನು ಕಂಡು ಬಂದರು ಎಂದು ಆಮೇಲೆ ತಿಳಿಯಿತು. ಬಂದವರು ಚಿಪ್ಪರ್ ಮನೆಯ ಕೆಲಸಗಾರರನ್ನು ಸೇರಿಸಿ, ಇದು ಹರಡುವ ಬಗೆಯಲ್ಲ, ಖಾದರ್ ಕೆಲಸದಲ್ಲಿ ಇರುತ್ತಾನೆ ಎಂದು ಹೇಳಿದರು. ನಾನೂ ಅಲ್ಲಿ ನಿಂತಿದ್ದೆ.  ದಿಮ್ಮಿ ತಳ್ಳುವ ಕೆಲಸದ ಗಂಗಪ್ಪ ಮುಂದೆ ಬಂದ. ಗಂಗಪ್ಪ ಎಂಬುದು ನಾನಿಟ್ಟ ಹೆಸರು. ಗಟ್ಟಿ ಆಳು, ಮಾತೂ ಗಟ್ಟಿ.

"ಡಾಕ್ಟ್ರು ಹೇಳ್ತಾರೆ ಸಾರ್. ಡಾಕ್ಟ್ರು ಇವನ ಜೊತೆ ಒಂದೇ ನಲ್ಲೀಲಿ ನೀರು ಕುಡೀತಾರಾ? ನಮ್ಮನೇಲೂ ಹೆಂಡ್ರು ಮಕ್ಳು ಇದಾರೆ. ಇವನು ಮುಟ್ಟಿದ ಬ್ಲೇಡನ್ನ ನಾವು ಮುಟ್ಟಲ್ಲ."

ಅಂದು ಮಧ್ಯಾಹ್ನ ನನ್ನ ಗ್ರೈಂಡಿಂಗ್ ಕೋಣೆಗೆ ಹೋದಾಗ ನೆಲದ ತುಂಬ ಫಿನೈಲ್ ಸುರಿದಿತ್ತು. ಮೆಷಿನ್ನಿನ ಮೇಜಿನ ಮೇಲೂ ಸುರಿದಿದ್ದರು. ಗಂಗಪ್ಪ ಖಾಲಿ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದ, ಅದನ್ನು ಅಡಗಿಸಲಿಲ್ಲ. ನಾನು ಹಳೆ ಬಟ್ಟೆ ತಂದು ಮೇಜು ಒರೆಸಿದೆ. ಫಿನೈಲ್ ಹಾಗೇ ಬಿಟ್ಟರೆ ಜಾರುವ ಭಾಗಗಳ ಎಣ್ಣೆ ತೊಳೆದುಹೋಗುತ್ತದೆ.

ಕೊನೆಗೆ ಶ್ರೀಕಂಠಯ್ಯನವರು ಒಂದು ಒಪ್ಪಂದಕ್ಕೆ ತಂದರು. ದಿಮ್ಮಿ ಪೇರಿಸುವ ಮರದ ಅಂಗಳದ ಹಿಂದೆ ಜಿಂಕ್ ಶೀಟಿನ ಶೆಡ್ಡು ಕಟ್ಟಿಸಿ ಮೆಷಿನ್ನನ್ನು ಅಲ್ಲಿಗೆ ಸಾಗಿಸಿದರು. ಡಿಸ್ಕಿನ ಹತ್ತಿರ ನಾನು ಹೋಗುವಂತಿಲ್ಲ. ಸಾಣೆ ಮಾತ್ರ ನನ್ನದು. ಬರ್ ತೆಗೆಯುವಾಗ ಎಡಗೈ ಅಲಗಿನ ಹತ್ತಿರ ಬಾರದಂತೆ ಬ್ಲೇಡನ್ನು ಕಚ್ಚಿ ಹಿಡಿಯುವ ಕ್ಲಾಂಪೊಂದನ್ನು ತಾವೇ ಚಿತ್ರ ಬರೆದು ವರ್ಕ್‌ಶಾಪಿನಲ್ಲಿ ಮಾಡಿಸಿಕೊಟ್ಟರು. ಮುನುಸ್ವಾಮಿ ಮೊಂಡು ಬ್ಲೇಡು ತಂದು ಬಾಗಿಲ ಹೊರಗಿನ ಸ್ಟ್ಯಾಂಡಿನ ಮೇಲೆ ಇಡುತ್ತಿದ್ದ, ಹರಿತ ಮಾಡಿದ್ದನ್ನು ಒಯ್ಯುತ್ತಿದ್ದ. ಒಯ್ಯುವ ಮೊದಲು ಬಿಸಿನೀರು ಸುರಿಯಬೇಕೆಂದು ಉಳಿದವರ ಷರತ್ತು. ಅವನು ಸುರಿಯುತ್ತಿದ್ದ, ಕೂಡಲೇ ಒರೆಸಿ ಎಣ್ಣೆ ಹಚ್ಚುತ್ತಿದ್ದ. ಇಲ್ಲವಾದರೆ ಅಲಗು ತುಕ್ಕು ಹಿಡಿಯುತ್ತದೆ.

ಅವನೂ ಒಳಗೆ ಬರುತ್ತಿರಲಿಲ್ಲ. ಮೊದಲ ದಿನವೇ ಬಾಗಿಲ ಹೊರಗೆ ನಿಂತು, "ನಮ್ಮನೇಲಿ ಆಣೆ ಹಾಕ್ಸಿದಾಳೆ ಖಾದರ್ ಭಾಯ್," ಎಂದು ಹೇಳಿಬಿಟ್ಟ. ಸರಿ ಎಂದೆ. ಆದರೆ ಬ್ಲೇಡು ಇಟ್ಟು ಹೋಗುವವನು ಪ್ರತಿ ಸಲವೂ ಒಂದು ಮಾತು ಆಡಿಯೇ ಹೋಗುತ್ತಿದ್ದ. ಇವತ್ತು ಬಿದಿರು ಬಂದಿದೆ, ಮೋಟಾರಿನ ಬೆಲ್ಟು ಹರಿಯಿತು, ಮಗನಿಗೆ ಜ್ವರ. ಹೀಗೆ ವರ್ಷಗಳು ಕಳೆದವು. ನನ್ನ ದಿನಗಳು ಒಂದರಂತೆ ಇನ್ನೊಂದು ಇದ್ದವು. ಮಾತ್ರೆ ನುಂಗುವುದು, ಕೈ ನೋಡಿಕೊಳ್ಳುವುದು, ಬ್ಲೇಡು ಕಟ್ಟುವುದು, ನೀರು ಬಿಡುವುದು. ಶೆಡ್ಡಿನ ಜಿಂಕ್ ಶೀಟು ಬೇಸಿಗೆಯಲ್ಲಿ ಕಾದು ಟಪ್ ಟಪ್ ಎನ್ನುತ್ತಿತ್ತು. ಗಂಗಪ್ಪ ಎಂದಾದರೂ ಎದುರಿಗೆ ಸಿಕ್ಕರೆ ಏನು ಹೇಳಬೇಕೆಂದು ಮೊದಮೊದಲು ಮಾತು ಜೋಡಿಸುತ್ತಿದ್ದೆ. ಕ್ರಮೇಣ ಅದನ್ನೂ ಬಿಟ್ಟೆ.

ಮಾತ್ರೆ ಶುರುವಾಗಿ ಮೂರನೆಯ ವರ್ಷ. ಒಂದು ಮಧ್ಯಾಹ್ನ ಪಾಳಿ ಬಿಟ್ಟ ಮೇಲೆ ಶೆಡ್ಡಿನ ಬಾಗಿಲಲ್ಲಿ ಗಂಗಪ್ಪ ನಿಂತಿದ್ದ.

"ಸಾಬ್ರೆ, ಒಳಗೆ ಬರ್ಲಾ?"

"ಬನ್ನಿ."

ಬಂದ. ಆ ಶೆಡ್ಡಿನೊಳಗೆ ನನ್ನನ್ನೂ ಇಂಜಿನಿಯರನ್ನೂ ಬಿಟ್ಟು ಇನ್ನೊಬ್ಬ ಕಾಲಿಟ್ಟದ್ದು ಅದೇ ಮೊದಲು. ಬ್ಲೇಡು ಹೆಂಗಿದೆ ನೋಡೋಣ ಅಂತ ಬಂದೆ ಎಂದ. ನೋಡಿ ಎಂದೆ. ಅವನು ಬ್ಲೇಡಿನ ಕಡೆ ನೋಡಲೇ ಇಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಮತ್ತೆ ಒರೆಸಿಕೊಂಡ.

"ನಮ್ಮ ಹೆಂಗಸಿಗೆ ಮುಂಗೈ ಮೇಲೊಂದು ಮಚ್ಚೆ ಎದ್ದಿದೆ. ನಿನ್ನೆ ಅನ್ನ ಬಸಿಯುವಾಗ ಗಂಜಿ ಬಿತ್ತು. ಬೊಬ್ಬೆ ಬಂದಿದೆ, ಅವಳಿಗೆ ಗೊತ್ತೇ ಆಗಿಲ್ಲ."

"ಶಿವಮೊಗ್ಗದ ಡಾಕ್ಟರಿಗೆ ತೋರ್ಸಿ."

"ಹೆಂಗೆ ಕರ್ಕೊಂಡು ಹೋಗ್ಲಿ ಸಾಬ್ರೆ? ಯಾರಾದ್ರೂ ನೋಡಿದ್ರೆ? ಲೈನಲ್ಲಿ ಇರೋಕೆ ಬಿಡ್ತಾರಾ? ಅವತ್ತು ನಾನೇ…"

ಮಾತು ಮುಗಿಸಲಿಲ್ಲ.  ನಾನು ಅವನನ್ನು ನೋಡಿದೆ. ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಸಮಾಧಾನವೂ ಆಗಲಿಲ್ಲ, ಅಯ್ಯೋ ಪಾಪ ಎಂದೂ ಅನಿಸಲಿಲ್ಲ. ಎಷ್ಟು ದಿನದಿಂದ ಇದೆ, ಬೆರಳು ಮಡಚಲು ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ ಎಂದ. ಹಾಗಾದರೆ ತಡವಾಗಿಲ್ಲ.

"ನಾಳೆ ನಮ್ಮನೆಗೆ ಕರ್ಕೊಂಡು ಬನ್ನಿ. ನಮ್ಮವಳ ಹತ್ರ ಬಟ್ಟೆ ಹೊಲಿಸೋಕೆ ಬಂದ ಹಾಗೆ ಬರ್ಲಿ."

ಜುಲೇಖಾಳಿಗೆ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಯಾರ ಹೆಂಡ್ತಿ? ಫಿನೈಲ್ ಸುರಿದೋನ ಹೆಂಡ್ತೀನಾ?"

"ಹೌದು."

"ನಿಮಗೆ ಏನೂ ಅನ್ಸಲ್ವಾ?"

"ಇಲ್ಲ."

ಅವಳು ಮೊರ ಕೆಳಗಿಟ್ಟಳು. "ನಂಗನ್ಸುತ್ತೆ," ಎಂದಳು. "ಆ ದಿನ ನೀವು ಬಂದು ಕೈ ತೊಳ್ಕೊಂಡು ಸುಮ್ನೆ ಊಟ ಮಾಡಿದ್ರಿ. ಅಂಗಿ ಎಲ್ಲ ಫಿನೈಲ್ ವಾಸನೆ. ಅದನ್ನ ಒಗ್ದೋಳು ನಾನು." ಮತ್ತೆ ಮೊರ ಎತ್ತಿಕೊಂಡು ಹೇಳಿದಳು, "ಪರಾಯಿ ಹೆಂಗ್ಸನ್ನ ನೀವು ಮುಟ್ಟೋ ಹಾಗಿಲ್ಲ. ನಾನೇ ನೋಡ್ತೀನಿ. ಬರ್ಲಿ."

ಮರುದಿನ ಗಂಗಪ್ಪನ ಹೆಂಡತಿ ಪುಟ್ಟಮ್ಮ ಬಂದಳು. ಕಂಕುಳಲ್ಲಿ ರವಿಕೆ ಬಟ್ಟೆಯ ಗಂಟು. ಗಂಗಪ್ಪ ಬೀದಿಯ ಆಚೆ ಬೀಡಿ ಸೇದುತ್ತ ನಿಂತ. ಜುಲೇಖಾ ಅವಳನ್ನು ಚಾಪೆಯ ಮೇಲೆ ಕೂರಿಸಿ, ಸುಟ್ಟ ಬೊಬ್ಬೆ ನೋಡಿ, ಅದಕ್ಕೆ ಕೊಬ್ಬರಿಎಣ್ಣೆ ಹಚ್ಚಿದಳು. ಬರಿಗೈಯಲ್ಲೇ ಹಚ್ಚಿದಳು. ಆಮೇಲೆ ಹತ್ತಿ ಹೊಸೆದಳು. ನಾನು ಒಳಬಾಗಿಲ ಹತ್ತಿರ ನಿಂತಿದ್ದೆ.

"ಕಣ್ಣು ಮುಚ್ಕೊಳ್ಳಿ. ಮುಟ್ಟಿದಾಗ ಹೇಳಿ."

ಬಲಗೈಗೆ ಮುಟ್ಟಿದಾಗ ಪುಟ್ಟಮ್ಮ ಹೂಂ, ಹೂಂ ಎಂದಳು. ಜುಲೇಖಾ ಎಡ ಮುಂಗೈಯ ಮಚ್ಚೆಯ ಮೇಲೆ ಹತ್ತಿ ಇಟ್ಟಳು. ಎಳೆದಳು. ಮತ್ತೊಂದು ಕಡೆ ಇಟ್ಟಳು. ಪುಟ್ಟಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕಾಯುತ್ತಿದ್ದಳು.

"ಶುರು ಮಾಡಿ ಬೂಬಮ್ಮ," ಎಂದಳು.

ಜುಲೇಖಾ ನನ್ನ ಕಡೆ ನೋಡಿದಳು. ಹತ್ತಿ ಬಿಟ್ಟು ಆ ಕೈಯನ್ನೇ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಆಯ್ತು, ಕಣ್ಣು ಬಿಡಿ," ಎಂದಳು. "ಇದಕ್ಕೆ ಮಾತ್ರೆ ಇದೆ. ನಾಳೆ ಇಬ್ರೂ ಹೋಗಿ ಬರೋಣ. ಶಿವಮೊಗ್ಗದಲ್ಲಿ ಸೀರೆ ತರೋಕೆ ಅಂತ ಹೇಳಿದ್ರಾಯ್ತು."

ಇಬ್ಬರೂ ಹೆಂಗಸರು ರೈಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಹೋದರು. ನಾನೂ ಗಂಗಪ್ಪನೂ ಬೇರೆ ಡಬ್ಬಿಯಲ್ಲಿದ್ದೆವು, ಪರಿಚಯವಿಲ್ಲದವರ ಹಾಗೆ. ಡಾಕ್ಟರು ನೋಡಿ, ಇದೂ ಹರಡುವ ಬಗೆಯಲ್ಲ, ನರ ಇನ್ನೂ ಊದಿಲ್ಲ, ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಹೊರಗೆ ಬಂದಾಗ ಗಂಗಪ್ಪ ಆಸ್ಪತ್ರೆಯ ಬೇವಿನ ಮರದ ಕೆಳಗೆ ಕೂತು ಟವೆಲ್ಲು ಬಾಯಿಗೊತ್ತಿಕೊಂಡು ಅತ್ತ. ನಾನು ಪಕ್ಕದಲ್ಲಿ ನಿಂತಿದ್ದೆ.  ರೈಲಿಗೆ ಹೊತ್ತಾಯಿತು ಎಂದೆ.

ಅಂದು ಮನೆಗೆ ಬಂದ ಮೇಲೆ ಜುಲೇಖಾ ನನ್ನ ಹಾಸಿಗೆಯನ್ನು ಒಳಗೆ ಎಳೆದುಕೊಂಡು ಹೋದಳು. 

ಗಂಗಪ್ಪ ಮಿಲ್ಲಿನಲ್ಲಿ ಹೆಂಡತಿಯ ವಿಷಯ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆದರೆ ಮರುವಾರ ಊಟದ ಹೊತ್ತಿಗೆ ತನ್ನ ಬುತ್ತಿ ಹಿಡಿದು ಎಲ್ಲರೂ ನೋಡುತ್ತಿರುವಂತೆ ಮರದ ಅಂಗಳ ದಾಟಿ ನನ್ನ ಶೆಡ್ಡಿಗೆ ಬಂದು ಕೂತ. ಕೂತು ಉಂಡು, ನನ್ನ ಹೂಜಿಯಿಂದಲೇ ನೀರು ಕುಡಿದ. ಕೆಲವರು ಅವನಿಗೆ ತಲೆ ಕೆಟ್ಟಿದೆ ಎಂದರು. ಕೆಲವರು ಒಂದೆರಡು ತಿಂಗಳಲ್ಲಿ ಬಿಸಿನೀರಿನ ಷರತ್ತನ್ನು ತಾವೇ ಮರೆತರು. ಮುನುಸ್ವಾಮಿ ಒಂದು ದಿನ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತು, "ನಮ್ಮನೇಲಿ ಆಣೆ ವಾಪಸ್ ತಗೊಂಡ್ಳು," ಎಂದು ಒಳಗೆ ಬಂದ.

1965ರಲ್ಲಿ ಡಾಕ್ಟರು ನನ್ನ ಮಾತ್ರೆ ನಿಲ್ಲಿಸಿದರು. ಎರಡು ಬೆರಳುಗಳ ಸ್ಪರ್ಶ ಬರಲಿಲ್ಲ, ಇಂದಿಗೂ ಇಲ್ಲ. ಪುಟ್ಟಮ್ಮನ ಮಚ್ಚೆ ಮಸುಕಾಯಿತು, ಬೆರಳು ನೆಟ್ಟಗೇ ಉಳಿದವು. ಮಿಲ್ಲು ಮುಚ್ಚುವವರೆಗೆ ನಾನು ಸಾಣೆ ಹಿಡಿದೆ. ಮುಚ್ಚಿದ ಮೇಲೆ ಅಬ್ಬಾನ ಅಂಗಡಿಗೆ ಬಂದು ಕೂತೆ. ಗಂಗಪ್ಪ, ಪುಟ್ಟಮ್ಮ ಇಬ್ಬರೂ ಈಗ ಇಲ್ಲ. ಅವರ ಮಕ್ಕಳಿಗೆ ಈ ಸಂಗತಿ ಗೊತ್ತಿಲ್ಲ, ಹೆಸರು ಬದಲಿಸಿದ್ದು ಅದಕ್ಕೇ.

ವಿಷಯ ತಿಳಿದ ಒಂದಿಬ್ಬರು ಹಳಬರು ನನ್ನದು ದೊಡ್ಡ ಮನಸ್ಸು ಎನ್ನುತ್ತಾರೆ. ಅದು ಸರಿಯಲ್ಲ. ಆ ವರ್ಷಗಳಲ್ಲಿ ನನಗೆ ಮನಸ್ಸು ಎಂಬುದು ಇತ್ತೇ ಎಂದು ನನಗೇ ಅನುಮಾನ. ನನಗೆ ಇದ್ದದ್ದು ಕೆಲಸದ ರೂಢಿ. ಮೊಂಡಾದ ಬ್ಲೇಡು ಬಾಗಿಲಿಗೆ ಬಂದರೆ, ಇವತ್ತು ಸಾಣೆ ಹಿಡಿಯುವ ಉಮೇದು ಇದೆಯೋ ಇಲ್ಲವೋ ಎಂದು ಸಾಣೆಯವನು ತನ್ನನ್ನು ತಾನು ಕೇಳಿಕೊಳ್ಳುವುದಿಲ್ಲ. ಎತ್ತಿ ಮೇಜಿಗೆ ಕಟ್ಟಿ ನೀರು ಬಿಡುತ್ತಾನೆ. ಗಂಗಪ್ಪ ಬಂದ ದಿನವೂ ಅಷ್ಟೇ ಆದದ್ದು. ಅವನ ಮೇಲೆ ನನಗೆ ಕನಿಕರ ಬಂತು, ನಿಜ. ಅದು ಬಂದದ್ದು ಬಹಳ ವರ್ಷಗಳ ಮೇಲೆ, ಅವನು ತೀರಿಹೋದ ಸುದ್ದಿ ಅಂಗಡಿಗೆ ಬಂದಾಗ, ಕೈಯಲ್ಲಿದ್ದ ಕತ್ತರಿ ಹಾಗೇ ಹಿಡಿದುಕೊಂಡು ಕೂತಿದ್ದಾಗ. ಅದು ಬರಲಿ ಎಂದು ನಾನು ಆ ಮಧ್ಯಾಹ್ನ ಕಾದಿದ್ದರೆ ಪುಟ್ಟಮ್ಮನ ಬೆರಳುಗಳು ಅಷ್ಟರಲ್ಲಿ ಮುದುಡಿಹೋಗಿರುತ್ತಿದ್ದವು.